ಲ್ಯಾಬಿಗೆ ಬಂದ ಮರುವಾಯಿ ಪುಂಡಿ

"ಮೊದಲು ನೀವು ತಿನ್ನಿ ಮೇಡಂ. ಮತ್ತೆ ನಾನು ಮರುವಾಯಿ ಬುಟ್ಟಿ ಕಂಕನಾಡಿ ಮಾರ್ಕೆಟಿಗೆ ತಕೊಂಡು ಹೋಗ್ತೇನೆ."

ಗುಲಾಬಿಯಕ್ಕ ಟಿಫಿನ್ ಡಬ್ಬಿ ತೆರೆದು ನನ್ನ ಮುಂದಿಟ್ಟರು. ಒಳಗೆ ಬಿಸಿ ಮರುವಾಯಿ ಪುಂಡಿ, ಮರುವಾಯಿ ಮಸಾಲೆಯಲ್ಲಿ ಬೆಂದ ಅಕ್ಕಿಯ ಉಂಡೆಗಳು. ಅಳಿವೆಯ ಹಿನ್ನೀರಿನಲ್ಲಿ ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕಿ ಮಾರುವುದು ಅವರ ಕಸುಬು. ಆ ನೀರನ್ನು ಪರೀಕ್ಷಿಸುವುದು ನನ್ನದು.

ಎರಡು ವಾರದ ಹಿಂದೆ ನೀರಿನಲ್ಲಿ ಕೊಳಚೆಯ ರೋಗಾಣು ಕಂಡು, ಇನ್ನು ಹೆಕ್ಕಬೇಡಿ ಎಂದು ಹೇಳಿದವಳು ನಾನೇ. ಅವರು ಅಂದೇ ಬುಟ್ಟಿ ಕವುಚಿಟ್ಟಿದ್ದರು. ಮನೆ ಹೇಗೆ ನಡೆಯುತ್ತದೆ ಎಂದು ನಾನು ಕೇಳಲಿಲ್ಲ. ಆಮೇಲೆ ನನಗೇ ಅನುಮಾನ ಕಾಡಿತು. ದೋಣಿ ಹತ್ತಲು ಹೆದರಿ, ದಡದಲ್ಲೇ, ಚರಂಡಿ ಬಂದು ಸೇರುವ ಮೂಲೆಯಿಂದ ಬಾಟಲಿ ತುಂಬಿಸಿದ್ದೆ. ಮರುವಾಯಿ ಇರುವುದು ದೂರದ ಮರಳುದಿಬ್ಬದಲ್ಲಿ! ಈ ಸಲ ಲೈಫ್ ಜಾಕೆಟ್ ಬಿಗಿದುಕೊಂಡು ಅಲ್ಲಿಗೇ ಹೋದೆ. ನೀರು, ಮರುವಾಯಿ ಎರಡನ್ನೂ ಮತ್ತೆ ಮತ್ತೆ ಪರೀಕ್ಷಿಸಿದೆವು. ಎಲ್ಲವೂ ಸರಿಯಿತ್ತು. ಬೆಳಿಗ್ಗೆ ಫೋನ್ ಮಾಡಿ ಹೇಳಿದ್ದಕ್ಕೇ ಈ ಡಬ್ಬಿ ಬಂದಿತ್ತು.

ಲ್ಯಾಬಿನೊಳಗೆ ತಿನ್ನುವಂತಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ಒಂದು ಪುಂಡಿ ಬಾಯಿಗಿಟ್ಟೆ. ಗುಲಾಬಿಯಕ್ಕ ನನ್ನ ಗಂಟಲನ್ನೇ ನೋಡುತ್ತಿದ್ದರು. ಎರಡನೆಯದಕ್ಕೆ ಕೈ ಹಾಕಿದಾಗ ಗೋಡೆಗೆ ಒರಗಿ ನಕ್ಕರು. "ಅಬ್ಬ! ಈಗ ಜೀವ ಬಂತು ನೋಡಿ. ಇನ್ನು ನೀರು ತೆಗೆಯಲಿಕ್ಕೆ ನನ್ನ ದೋಣಿ ಉಂಟು, ಹೆದರ್ಬೇಡಿ."

ಈಗ ಪ್ರತಿ ವರದಿಗೆ ಸಹಿ ಹಾಕುವ ಮೊದಲು ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಈ ಕಾಗದವನ್ನು ನಂಬಿ ನಾನು ಊಟಕ್ಕೆ ಕೂರುತ್ತೇನೆಯೇ? ಹೌದು ಎನಿಸಿದರೆ ಮಾತ್ರ ಸಹಿ.