ಕಪ್ಪು ಎರಡರ ಮಾಸ್ತರು

ಹೋದ ತಿಂಗಳು ನಾನು ಕಲಿಸುವ ಶಾಲೆಯ ಹಾರ್ಮೋನಿಯಂ ತೆರೆದಾಗ ಡಾಂಬರ್ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಇಲಿ, ನುಸಿ ಬರಬಾರದೆಂದು ರಜೆಯಲ್ಲಿ ಯಾರೋ ಒಳಗೆ ಗುಳಿಗೆ ಹಾಕಿಟ್ಟಿದ್ದರು. ಬೇರೆಯವರಿಗೆ ಆ ವಾಸನೆ ಎಂದರೆ ಟ್ರಂಕಿನಲ್ಲಿ ಮಡಿಚಿಟ್ಟ ಸೀರೆ. ನನಗೆ ಮಾತ್ರ ನಮ್ಮ ಸಂಗೀತ ಮಾಸ್ತರು. ಅವರ ಪೇಟಿಯಿಂದಲೂ ಇದೇ ವಾಸನೆ ಬರುತ್ತಿತ್ತು; ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಮುಚ್ಚಳ ಹಾಕಿ ಹೊರಗೆ ಬಂದು ನಿಂತೆ.

ಮಾಸ್ತರು ತೀರಿಕೊಂಡು ಕೆಲವು ತಿಂಗಳಾಯಿತು. ಅವರ ಹಳೆಯ ವಿದ್ಯಾರ್ಥಿಗಳು ಒಂದು ನೆನಪಿನ ಪುಸ್ತಕ ತರುತ್ತಾರಂತೆ. ಅವರಲ್ಲೊಬ್ಬ ಫೋನು ಮಾಡಿ, "ಮೇಡಮ್ಮರ, ಸಣ್ಣ ಹುಡುಗರಿಗೆ ಸಂಗೀತ ಕಲಿಸಿದರ ಏನ್ ಫಲ ಸಿಗತೈತಿ ಅಂತ ನಾಕ ಚಲೋ ಮಾತು ಬರದ ಕೊಡ್ರಿ. ನೀವೂ ಈಗ ಅದನ್ನ ಮಾಡ್ತೀರಿ" ಎಂದ. ಚಲೋ ಮಾತು ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬರೆಯಲಿ. ನಾನು ಬರೆಯುವುದು ಇದು. ಹಾಕಿದರೆ ಹಾಕಲಿ, ಬಿಟ್ಟರೆ ಬಿಡಲಿ.

ಮಾಸ್ತರು ಯಾರಿಗೂ ಹೊಡೆದವರಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಅಡಿಕೆ, ಮೆಲು ಮಾತು. ಉಳಿದ ಮಾಸ್ತರುಗಳ ಬೆತ್ತದ ಏಟು ಸಂಜೆಗೆ ಮರೆತುಹೋಗುತ್ತಿತ್ತು, ಇವರದು ಇನ್ನೂ ಹೋಗಿಲ್ಲ. ಪೇಟಿಯ ಮುಂದೆ ಕುಳಿತರೆ ಅವರ ಬೆರಳು ನೇರವಾಗಿ ಎರಡನೆಯ ಕಪ್ಪು ಪಟ್ಟಿಯ ಮೇಲೆ ಬೀಳುತ್ತಿತ್ತು; ಈ ಪಟ್ಟಿಗಳಿಗೆ ಮನೆ ಎನ್ನುತ್ತಾರೆ. ಅದೇ ಸಾ, ಹಾಡು ಹೊರಡುವ ಮೂಲ ಸ್ವರ; ಸುರು ಎಂದರೂ ಅದೇ. ಅದಕ್ಕೆ 'ಕಪ್ಪು ಎರಡು' ಎನ್ನುತ್ತಿದ್ದರು. ಇಡೀ ಶಾಲೆ, ಗಂಡು ಹೆಣ್ಣು, ದಪ್ಪ ದನಿ ಸಣ್ಣ ದನಿ, ಎಲ್ಲರೂ ಅಲ್ಲಿಂದಲೇ ಹಾಡಬೇಕು. ಒಬ್ಬೊಬ್ಬರ ಗಂಟಲಿಗೆ ಒಂದೊಂದು ಸಾ ಇರುತ್ತದೆ, ಅದನ್ನು ಪೇಟಿಯ ಯಾವ ಮನೆಯಿಂದ ಬೇಕಾದರೂ ಶುರು ಮಾಡಬಹುದು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ಹೇಳಲಿಲ್ಲ.

ನನ್ನದು ದಪ್ಪ ದನಿ. ಅವರ ಸುರಿನಲ್ಲಿ ಕೆಳಗಿಂದ ಹಿಡಿದರೆ ಮುಳುಗುತ್ತಿತ್ತು, ಮೇಲೆ ಹೋದರೆ ಒಡೆಯುತ್ತಿತ್ತು. ಆದರೂ ನನಗೆ ಹಾಡಿನ ಹುಚ್ಚು. ಪುರ್ತಗೇರಿಯ ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತು ಒದರುತ್ತಿದ್ದೆ. ಆ ರೊಟ್ಟಿಯ ಸಪ್ಪಳದಲ್ಲಿ ಅವಳಿಗೆ ಏನು ಕೇಳುತ್ತಿತ್ತೋ... "ಸಾಲ್ಯಾಗ ಮಂದಿ ಮುಂದ ಹಾಡವಾ, ನಾ ಬಂದು ಕುಂತು ಕೇಳತೀನಿ" ಎನ್ನುತ್ತಿದ್ದಳು. ಅವಳು ಕೂಲಿಗೆ ಹೋಗುವ ಹೆಂಗಸು. ನನ್ನಿಂದ ಬೇರೇನನ್ನೂ ಕೇಳಿದ್ದಿಲ್ಲ.

ಆಗಸ್ಟ್ ಹದಿನೈದರ ಹಾಡಿಗೆ ನನ್ನನ್ನೂ ಸೇರಿಸಿಕೊಂಡರು. ಕುಣಿಕುಣಿದು ಮನೆಗೆ ಹೋಗಿ ಹೇಳಿದೆ. ಹಿಂದಿನ ದಿನದ ತಾಲೀಮಿನಲ್ಲಿ ಮಾಸ್ತರು ಪೇಟಿ ನಿಲ್ಲಿಸಿ ನನ್ನನ್ನು ನೋಡಿದರು. ಸಿಟ್ಟು ಮಾಡಲಿಲ್ಲ, ನಗುತ್ತಲೇ ಹೇಳಿದರು: "ಏ ಹುಡುಗಿ, ನಿನಗ ಕಂಠ ಇಲ್ಲ. ಸಾಲಿನ್ಯಾಗ ನಿಂದರು, ತುಟಿ ಅಷ್ಟ ಆಡ್ಸು. ದನಿ ತೆಗೀಬ್ಯಾಡ." ಹುಡುಗಿಯರು ಕಿಸಕ್ಕನೆ ನಕ್ಕರು. ಮಾಸ್ತರು ಮತ್ತೆ ಕಪ್ಪು ಎರಡು ಒತ್ತಿದರು.

ಮರುದಿನ ಅವ್ವ ಹೆಸರುಕಾಯಿ ಬಿಡಿಸುವ ಕೂಲಿಗೆ ಹೋಗಲಿಲ್ಲ. ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದು ಶಾಲೆಯ ಅಂಗಳದಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ನಾನು ತುಟಿ ಆಡಿಸಿದೆ. ಅವಳು ಕಣ್ಣು ಕದಲಿಸದೆ ನನ್ನನ್ನೇ ನೋಡಿದಳು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ, "ಎಲ್ಲಾ ಹುಡುಗರ್ಗಿಂತ ನಮ್ಮಾಕಿ ದನೀನ ಬ್ಯಾರೆ ಕೇಳತಿತ್ತು ನೋಡ್ರಿ" ಎಂದಳು. ನಾನು ತಲೆ ತಗ್ಗಿಸಿಕೊಂಡು ನಡೆದೆ. ಮನೆಯಲ್ಲಿ ಇನ್ನೊಮ್ಮೆ ಹಾಡು ಎಂದಾಗ ಗಂಟಲು ನೋಯುತ್ತಿದೆ ಎಂದೆ. ಆಮೇಲೆ ಅವಳು ಎಷ್ಟು ಕೇಳಿದರೂ ಗಂಟಲು ನೋಯುತ್ತಲೇ ಇತ್ತು. ಕಂಠವೇ ಇಲ್ಲದವಳು ಏನು ಹಾಡುವುದು? ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂರುವುದನ್ನೂ ಬಿಟ್ಟೆ. ನಾನು ಕಾಲೇಜು ಮುಗಿಸುವ ಹೊತ್ತಿಗೆ ಅವ್ವ ಜ್ವರ ಬಂದು ಮಲಗಿದವಳು ಏಳಲಿಲ್ಲ.

ಅದಾದ ಮೇಲೆ ಶಿಕ್ಷಕಿಯಾಗುವ ತರಬೇತಿಗೆ ರೋಣದಲ್ಲಿ ಸೇರಿದೆ. ಅಲ್ಲಿ ಹಾಡು ಕಲಿಸುವ ಮೇಡಂ ಒಬ್ಬರಿದ್ದರು. ಒಬ್ಬೊಬ್ಬರನ್ನೇ ಕರೆದು ಹಾಡಿಸುತ್ತಿದ್ದರು. ನನ್ನ ಪಾಳಿ ಬಂದಾಗ, "ನಿನ್ನ ಸುರ್ ಯಾವುದವಾ?" ಎಂದರು. ಗೊತ್ತಿಲ್ಲರಿ, ನನಗೆ ಕಂಠ ಇಲ್ಲರಿ ಎಂದೆ. ಅವರು ಸುಮ್ಮನೆ ಪೇಟಿಯ ಮೇಲೆ ಕೈ ಸರಿಸುತ್ತಾ ಹೋಗಿ ಒಂದು ಕಡೆ ನಿಂತರು. ಕಪ್ಪು ನಾಲ್ಕು. ನಾನು ಬಾಯಿ ತೆರೆದೆ. ದನಿ ಮುಳುಗಲಿಲ್ಲ, ಒಡೆಯಲೂ ಇಲ್ಲ. ಇಡೀ ಕೋಣೆ ತುಂಬಿತು. ಮೇಡಂ ಮೆಚ್ಚಿದರು, ಉಳಿದವರು ಚಪ್ಪಾಳೆ ತಟ್ಟಿದರು. ನಾನು ಅತ್ತಿದ್ದು ಸಂತೋಷಕ್ಕೆ ಎಂದು ಎಲ್ಲರೂ ತಿಳಿದರು. ಸುಡುಗಾಡು ಸಂತೋಷ. ಆ ಮನುಷ್ಯ ಕೈಯನ್ನು ನಾಲ್ಕು ಬೆರಳು ಆಚೆ ಸರಿಸಿದ್ದರೆ ಸಾಕಿತ್ತಲ್ಲ ಎಂದು ಹೊಟ್ಟೆ ಉರಿದು ಅತ್ತೆ.

ವರ್ಷಗಳ ನಂತರ ಕೆಲಸದ ಮೇಲೆ ನರಗುಂದಕ್ಕೆ ಹೋದಾಗ ಮಾಸ್ತರು ಅಲ್ಲೇ ಮಗಳ ಮನೆಯಲ್ಲಿದ್ದಾರೆಂದು ತಿಳಿಯಿತು. ಹೋದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. "ತುಟಿ ಅಷ್ಟ ಆಡ್ಸು ಅಂದಿದ್ರಲ್ರಿ ಸರ, ಆಕಿ ನಾನ" ಎಂದೆ.

ನಕ್ಕರು. "ಹಂಗ ಭಾಳ ಮಂದಿಗೆ ಅಂದೇನಿ ಬಿಡವಾ."

"ಕಪ್ಪು ಎರಡು ಬಿಟ್ಟು ಬ್ಯಾರೆ ಸುರಿಗೆ ಯಾಕ ಹೋಗಲಿಲ್ರಿ?"

ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. "ನನಗ ಬರತಿದ್ದಿಲ್ಲವಾ. ಖರೇ ಹೇಳತೀನಿ. ನನಗ ಕಲಿಸಿದವರು ಅಷ್ಟ ಕಲಿಸಿದ್ರು. ಬ್ಯಾರೆ ಕಡೆ ಇಟ್ಟರ ಬೆರಳ ತಪ್ಪತಿದ್ದವು. ಹುಡುಗರ ಮುಂದ ಬರಂಗಿಲ್ಲ ಅಂತ ಹ್ಯಾಂಗ ಹೇಳಬೇಕು?"

ಇಷ್ಟೇ. ತನಗೆ ಬರುವುದಿಲ್ಲ ಎನ್ನಲು ನಾಚಿಕೆಯಾಗಿ ನಿನಗೆ ಕಂಠ ಇಲ್ಲ ಎಂದರು. ಮಗಳು ಚಹಾ ತಂದಿಟ್ಟಳು. "ಈಗ ಹಾಡತೀ ಏನು? ಒಂದು ಹಾಡು, ಕೇಳೋಣು" ಎಂದರು ಮಾಸ್ತರು. ಆ ಕೇಳುವುದರಲ್ಲಿ ನಿಜವಾದ ಆಸೆಯಿತ್ತು, ಇಲ್ಲವೆನ್ನಲಾರೆ. "ನಿಮ್ಮ ಮುಂದ ಹಾಡಂಗಿಲ್ರಿ" ಎಂದು ಎದ್ದುಬಂದೆ. ಚಹಾ ಮುಟ್ಟಲಿಲ್ಲ. ಇಂದು ಅವರಿಲ್ಲ. ಅಂದು ಹಾಡಿಬಿಡಬೇಕಿತ್ತೇ ಎಂದು ಕೆಲವೊಮ್ಮೆ ಅನ್ನಿಸುತ್ತದೆ... ಆಮೇಲೆ ಆ ಇಳಕಲ್ ಸೀರೆ ನೆನಪಾಗುತ್ತದೆ, ಮನಸ್ಸು ಮತ್ತೆ ಕಲ್ಲಾಗುತ್ತದೆ.

ಈಗ ನರೇಗಲ್ಲಿನಲ್ಲಿ ಮಕ್ಕಳಿಗೆ ಹಾಡು ಕಲಿಸುತ್ತೇನೆ. ಮೊದಲು ಒಬ್ಬೊಬ್ಬರ ಸುರು ಹುಡುಕುತ್ತೇನೆ. ವಾರಗಟ್ಟಲೆ ಅದೇ ಕೆಲಸ, ಉಳಿದ ಶಿಕ್ಷಕರು ನಗುತ್ತಾರೆ. ನಗಲಿ. ಹೋದ ವಾರ ದಪ್ಪ ದನಿಯ ಒಬ್ಬ ಹುಡುಗಿಗೆ ಸುರು ಸಿಕ್ಕಿತು. ಕಣ್ಣು ಮುಚ್ಚಿ, ಕೊರಳೆತ್ತಿ ಹಾಡತೊಡಗಿದಳು. ಮಗಳನ್ನು ಕರೆದೊಯ್ಯಲು ಹೊಲದಿಂದ ನೇರ ಬಂದಿದ್ದ ಅವಳ ತಾಯಿ ಬಾಗಿಲಲ್ಲೇ ನಿಂತುಬಿಟ್ಟಳು. ತಲೆಯ ಮೇಲಿನ ಸೊಪ್ಪಿನ ಹೊರೆ ಇಳಿಸುವುದನ್ನೂ ಮರೆತು, ಬಾಯಿ ಸ್ವಲ್ಪ ತೆರೆದು, ಹಾಡು ಮುಗಿಯುವ ತನಕ ಕೇಳಿದಳು.

ಏನು ಫಲ ಎಂದು ಫೋನು ಮಾಡಿದವನು ಕೇಳಿದ್ದನಲ್ಲ. ಇದೇ ಫಲ, ಇದಕ್ಕಿಂತ ದೊಡ್ಡದು ಇಲ್ಲ. ಬರೆದುಕೊಳ್ಳಲಿ. ಆದರೆ ನಾನು ಆವತ್ತು ಪೇಟಿ ಬಿಟ್ಟೆದ್ದು ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ. ಬಾಗಿಲಲ್ಲಿದ್ದವಳು ನನ್ನ ಅವ್ವ ಆಗಿರಲಿಲ್ಲ.