ಪೀರಮ್ಮನ ಹದ

ಲಿಂಗಸುಗೂರಿನ ಕಚೇರಿಯ ಮುಂದೆ ಮೂವತ್ತು ವರ್ಷ ಉರ್ದುವಿನಲ್ಲಿ ಅರ್ಜಿ ಬರೆದ ಅಮರಗುಂಡಪ್ಪನಿಗೆ ಎರಡು ಹಟ. ಉಂಡ ಮೇಲೆ ಎಲೆ ಅಡಿಕೆ ಬೇಕೇ ಬೇಕು. ಎಂಜಲು ಮಾತ್ರ ಹತ್ತಿರ ಸುಳಿಯಕೂಡದು. ಹೆಂಡತಿ ಪೀರಮ್ಮ ಉಪ್ಪು ನೋಡಿದ ಸಾರನ್ನೂ ಮುಟ್ಟದ ಆಸಾಮಿ. ಖುದ್ದು ನಿಜಾಮರೇ ಅಪ್ಪಣೆ ಕೊಟ್ಟಿದ್ದರೂ ಇನ್ನೊಬ್ಬರು ಕುಡಿದ ಲೋಟ ಬಾಯಿಗಿಡುತ್ತಿರಲಿಲ್ಲ.

ಹಲ್ಲು ಉದುರಿದ ಮೇಲೆ ಮಸ್ಕಿಯ ಮನೆ ಸೇರಿದ. ಪೀರಮ್ಮ ದಿನಕ್ಕೆರಡು ಹೊತ್ತು ಹಿತ್ತಾಳೆ ಬಟ್ಟಲಲ್ಲಿ ಬೆಣ್ಣೆಯಷ್ಟು ನುಣ್ಣಗಿನ ಎಲೆ ಅಡಿಕೆ ತಂದಿಡುತ್ತಿದ್ದಳು. ಒಂಬತ್ತು ವರ್ಷ ಹೀಗೆ ನಡೆಯಿತು. ಆಮೇಲೊಂದು ಯುಗಾದಿಯ ಮುಂದೆ ಅವಳು ತೀರಿಕೊಂಡಳು.

ಅಲ್ಲಿಂದ ಸೊಸೆ ಆದಮ್ಮನ ಪಾಡು ಯಾರಿಗೂ ಬೇಡ. ಕುಟ್ಟಾಣಿಯಲ್ಲಿ ರಟ್ಟೆ ಸೋಲುವ ತನಕ ಕುಟ್ಟಿದರೂ ಅಡಿಕೆಯ ನುಚ್ಚು ಮುದುಕನ ವಸಡಿಗೆ ಚುಚ್ಚುತ್ತಿತ್ತು. ಸಿಂಧನೂರಿನಿಂದ ಎಳೆ ಎಲೆ ತರಿಸಿದ, ಸುಣ್ಣ ಬದಲಿಸಿದ, ಅಡಿಕೆ ನೆನೆಹಾಕಿಸಿದ. ಆ ಹದ ಬರಲಿಲ್ಲ. ಪ್ರತಿ ತುತ್ತಿಗೂ ಹೆಂಡತಿ ನೆನಪಾಗುತ್ತಿದ್ದಳು. ಅದನ್ನು ಬಾಯಿಬಿಟ್ಟು ಹೇಳಲಾರದೆ ಸೊಸೆಯ ಮೇಲೆ ಹರಿಹಾಯುತ್ತಿದ್ದ.

"ನಿಮ್ಮತ್ತಿ ಕೈಗುಣ ನಿನಗ ಈ ಜನ್ಮದಾಗ ಬರಂಗಿಲ್ಲ!" ಎಂದು ಒಂದು ಮಧ್ಯಾಹ್ನ ಬಟ್ಟಲನ್ನೇ ಅಂಗಳಕ್ಕೆ ಎಸೆದ. ಆದಮ್ಮ ಅಳುತ್ತ ಅದನ್ನು ಎತ್ತಿಕೊಂಡು ಒಳಗೆ ಹೋದಳು.

ಪಕ್ಕದ ಮನೆಯ ಹಾಜಿರಾಬೀ ಪೀರಮ್ಮನ ಜೀವದ ಗೆಳತಿ. ಅವಳಿಗೆ ತಡೆಯಲಾಗಲಿಲ್ಲ. ಮೋಟುಗೋಡೆಯ ಆಚೆಯಿಂದಲೇ ಅಂದಳು:

"ಆ ಹುಡುಗೀನ ಯಾಕ ಬೈತೀರಿ ಅಣ್ಣಾರ? ಅಕ್ಕ ಕುಟ್ಟತಿರಲಿಲ್ಲ. ಒಂದಿನ ನುಚ್ಚು ಚುಚ್ಚಿ ನಿಮ್ಮ ಬಾಯಾಗ ರಕ್ತ ಬಂತಲ್ಲ, ಅವತ್ತಿನಿಂದ ತಾನ ಅಗದು ಮೆತ್ತಗ ಮಾಡಿ ಬಟ್ಟಲದಾಗ ಇಡತಿದ್ಲು. ಯಾರ ಮುಂದೂ ಹೇಳಬ್ಯಾಡ ಅಂತ ನನ್ನ ಕಡಿಂದ ಕಸಂ ಹಾಕಿಸಿದ್ಲು."

ಅಮರಗುಂಡಪ್ಪನ ಮುಖ ಕೆಂಪೇರಿತು. ಹಾಜಿರಾಬೀ ಸೆರಗು ಸರಿಮಾಡಿಕೊಂಡು ಬೈಗುಳಕ್ಕೆ ಕಾದು ನಿಂತಳು. ಬೈಗುಳ ಬರಲಿಲ್ಲ. ಮುದುಕ ಕಟ್ಟೆಯ ಮೇಲೆ ಕೂತು ಕೇಳಿದ:

"ಅಗಿಯೋವಾಗ ನನ್ನ ನೆನಸಿ ನಗತಿದ್ಲೇನು?"

"ನೀವು ಹೊರಗ ಕುಂತು 'ಎಷ್ಟೊತ್ತು ಕುಟ್ತೀಲೇ' ಅಂತ ಒದರಿದಾಗೆಲ್ಲ ಬಾಯಿ ಮುಚಗೊಂಡು ನಗತಿದ್ಲು."

ಅವನಿಗೂ ನಗು ಬಂತು. ನಗುನಗುತ್ತಲೇ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಇಷ್ಟು ವರ್ಷ ಅವಳ ತಾಟಿನ ಒಂದು ತುತ್ತೂ ಉಣ್ಣದ ತನ್ನ ಮಡಿಯ ಬಗ್ಗೆ ಅವನಿಗೇ ಅಸಹ್ಯವಾಯಿತು.

ಅಷ್ಟರಲ್ಲಿ ಆದಮ್ಮ ಮತ್ತೆ ಕುಟ್ಟಿ ತಂದು, ಹೆದರುತ್ತ ಮುಂದಿಟ್ಟಳು. ಅವನು ಬಟ್ಟಲನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ.

"ಇನ್ನ ಕುಟ್ಟಬ್ಯಾಡವ್ವಾ. ಅಕಿ ಎಂಜಲ ಇಲ್ಲದ ಎಲಿ ನನಗ ಸೇರಂಗಿಲ್ಲ."