ತೋಳಿನ ಅಳತೆ

ದರ್ಜಿಯ ಹತ್ತಿರ ಬರುವವರು ಬರೀ ಅಳತೆ ಕೊಟ್ಟು ಹೋಗುವುದಿಲ್ಲ. ಮುಚ್ಚಬೇಕಾದದ್ದು ಏನು ಎಂಬುದನ್ನೂ ಹೇಳಿ ಹೋಗುತ್ತಾರೆ. 'ಹೊಟ್ಟಿ ಕಡೆ ಜರಾ ಸಡಲ ಇರಲಿ' ಎನ್ನುವವರು, 'ಕಾಲರ್ ಎತ್ತರ ಮಾಡ್ರಿ' ಎನ್ನುವವರು, ಹಳೆಯ ಸುಟ್ಟ ಕಲೆಯ ಮೇಲೆ ಬೆರಳಿಟ್ಟು 'ಇಲ್ಲೀತನಕ ಬರಬೇಕು ನೋಡ್ರಿ' ಎಂದು ದನಿ ತಗ್ಗಿಸುವವರು. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯ ನನ್ನ ಅಂಗಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಇಂಥವನ್ನೆಲ್ಲ ಕೇಳುತ್ತಾ, 'ಯಾಕೆ' ಎಂದು ಮಾತ್ರ ಕೇಳದೆ, ಹೊಲಿದುಕೊಡುತ್ತಾ ಬಂದಿದ್ದೇನೆ. ಕೇಳುವ ಯೋಗ್ಯತೆಯೂ ನನಗಿಲ್ಲವೆನ್ನಿ. ಮೂವತ್ತು ದಾಟುವಷ್ಟರಲ್ಲೇ ನನ್ನ ತಲೆ ಬಟಾಬಯಲಾಯಿತು. ಅಂದಿನಿಂದ ನಾನೇ ಹೊಲಿದುಕೊಂಡ ಬಿಳಿ ಟೋಪಿಯಿಲ್ಲದೆ ಹೊರಗೆ ಕಾಲಿಟ್ಟವನಲ್ಲ. ಕೇಳಿದವರಿಗೆ ಬಿಸಿಲು ಎನ್ನುತ್ತೇನೆ. ನಮ್ಮೂರಿನ ಬಿಸಿಲು ಎಂಥ ಸುಳ್ಳಿಗೂ ಸಾಕ್ಷಿ ಹೇಳುತ್ತದೆ.

ಈ ವರ್ಷ ಶಾಲೆ ಶುರುವಾದ ಎರಡನೆಯ ವಾರ ಅಂಗಡಿಗೆ ಒಬ್ಬಳು ಹೊಸ ಗಿರಾಕಿ ಬಂದಳು. ವಯಸ್ಸು ಒಂಬತ್ತು, ಹೆಸರು ಶರಣಮ್ಮ, ನನ್ನ ಒಬ್ಬಳೇ ಮಗಳು.

"ಅಪ್ಪಾ, ನನ್ನ ಸಾಲಿ ಅಂಗಿಗಿ ಫುಲ್ ತೋಳು ಹಚ್ಚಿಕೊಡು" ಎಂದಳು.

"ಈ ಧಗಿಯಾಗ?"

"ನನಗ ಥಂಡಿ ಆಗ್ತದ."

ಮಳೆ ಇನ್ನೂ ಮುಖ ತೋರಿಸಿರಲಿಲ್ಲ. ಅಂಗಡಿಯ ಕಬ್ಬಿಣದ ಕುರ್ಚಿಯಲ್ಲಿ ಕೂತವರು ಕೂತಷ್ಟೇ ಬೇಗ ಏಳುತ್ತಿದ್ದ ದಿನಗಳವು. ನಾನು ನಕ್ಕೆ. ಆಮೇಲೆ ಎಲ್ಲ ಗಿರಾಕಿಗಳಿಗೆ ಮಾಡುವಂತೆ, ಯಾಕೆ ಎಂದು ಕೇಳದೆ, ಮಣಿಕಟ್ಟಿನ ತನಕ ತೋಳು ಹಚ್ಚಿ ಗುಂಡಿ ಇಟ್ಟುಕೊಟ್ಟೆ. ಗಿರಾಕಿಗೆ ಕೇಳಬಾರದ್ದನ್ನು ಮಗಳಿಗೆ ಕೇಳಬೇಕು ಎಂಬ ಸಣ್ಣ ವ್ಯತ್ಯಾಸ ಆವತ್ತು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಖೋ-ಖೋ ಆಟದ ದೆಸೆಯಿಂದ. ಅವಳ ಶಾಲೆಯ ಹುಡುಗಿಯರು ಸುರಪುರಕ್ಕೆ ಆಡಲು ಹೋಗುವವರಿದ್ದರು. ಹನ್ನೆರಡು ಅಂಗಿಗಳನ್ನು ಹೊಲಿಯುವ ಕೆಲಸ ನನಗೇ ಬಂತು. ಆಟದ ಮಾಸ್ತರರು ಕಳಿಸಿದ ಅಳತೆಯ ಪಟ್ಟಿಯಲ್ಲಿ ಹನ್ನೊಂದೇ ಹೆಸರುಗಳಿದ್ದವು, ಶರಣಮ್ಮನದಿರಲಿಲ್ಲ. ಓಡಲು ನಿಂತರೆ ಹುಡುಗರ ಕೈಗೂ ಸಿಗದ ಹುಡುಗಿ ಅವಳು. ಮರೆತಿರಬೇಕೆಂದು ಮಾಸ್ತರರಿಗೆ ಫೋನ್ ಮಾಡಿದೆ. "ಆಕಿನೇ ಹೆಸರ ತಗಸ್ಯಾಳ್ರಿ. ಕಾರಣ ಕೇಳಿದ್ರ ಹೇಳವಲ್ಲಳು. ಒಂದ್ ಜಾಗ ಖಾಲಿ ಇಟ್ಟೀನಿ, ನೀವೇ ಮಾತಾಡ್ರಿ" ಎಂದರು. ಆಟದ ಅಂಗಿಗೆ ಅರ್ಧ ತೋಳು ಎಂದು ಪಟ್ಟಿಯ ತಲೆಯಲ್ಲೇ ಬರೆದಿತ್ತು. ಆದರೂ ಈ ಪೆದ್ದನಿಗೆ ತೋಳಿಗೂ ಹೆಸರಿಗೂ ಗಂಟು ಬೀಳಲಿಲ್ಲ.

ಮರುದಿನ ದಾರ ಕತ್ತರಿಸುವ ನನ್ನ ಸಣ್ಣ ಕತ್ತರಿ ಇಟ್ಟ ಜಾಗದಲ್ಲಿರಲಿಲ್ಲ. ಮನೆಯಲ್ಲಿ ಶರಣಮ್ಮನ ಪಾಟಿಚೀಲದ ಬುಡದಲ್ಲಿ ಸಿಕ್ಕಿತು. ಅದರ ಬಾಯಿಗೆ ಕಪ್ಪು ಎಳೆಗಳು ಅಂಟಿದ್ದವು. ದಾರವೆಂದುಕೊಂಡು ಚಿವುಟಿ ತೆಗೆದೆ. ಇಪ್ಪತ್ತಾರು ವರ್ಷ ದಾರದ ಜೊತೆ ಬಾಳಿದ ಬೆರಳುಗಳು. ಇದು ದಾರವಲ್ಲ ಎಂದು ತಕ್ಷಣ ಹೇಳಿದವು. ಮಗಳನ್ನು ಕರೆದು ತೋಳಿನ ಗುಂಡಿ ಬಿಚ್ಚಿದೆ. ಮುಂಗೈಯ ಮೇಲೆ ಅಲ್ಲಲ್ಲಿ ಕೂದಲು ಕತ್ತರಿಸಿದ ಜಾಗ, ನಡುವೆ ಎರಡು ಕಡೆ ರಕ್ತ ಒಣಗಿತ್ತು. ನಾನು ಹೊಲಿದುಕೊಟ್ಟ ತೋಳು ಅದನ್ನು ನನ್ನಿಂದಲೇ ಮುಚ್ಚಿಟ್ಟಿತ್ತು.

ಆಗ ಬಂತು ಅಳು, ಅಳುವಿನ ಹಿಂದೆ ಮಾತು. ಪ್ರಾರ್ಥನೆಯ ಸಾಲಿನಲ್ಲಿ ಪಕ್ಕದ ಹುಡುಗಿ, "ನಿನ್ನ ಕೈ ಗಂಡಸರ ಕೈ ಇದ್ದಂಗ ಅದ" ಎಂದಿದ್ದಳಂತೆ. ಅಷ್ಟೇ. ಆ ಹುಡುಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮರೆತೂ ಇರಬೇಕು. ಇವಳು ಮೂರು ವಾರದಿಂದ ಅದನ್ನು ತೋಳಿನೊಳಗೆ ಇಟ್ಟುಕೊಂಡು ತಿರುಗುತ್ತಿದ್ದಳು.

ಸಮಾಧಾನ ಮಾಡುವ ಕಲೆಯಲ್ಲಿ ನಾನು ಎಷ್ಟು ದಡ್ಡ ಎಂಬುದು ಆವತ್ತು ಸಾಬೀತಾಯಿತು. ಮೊದಲು 'ಏನೂ ಆಗಿಲ್ಲ ಬಿಡು' ಎಂದೆ. ಇಷ್ಟೆಲ್ಲ ಆಗಿರುವಾಗ ಏನೂ ಆಗಿಲ್ಲ ಎನ್ನುವವನ ಮೇಲೆ ಯಾರಿಗೆ ನಂಬಿಕೆ ಬರುತ್ತದೆ? ಆಮೇಲೆ ವೃತ್ತಿಜ್ಞಾನ ತೆಗೆದೆ: ಮಕಮಲ್ಲಿಗೂ ಮೈಗೂದಲಿದೆ, ಅದಕ್ಕೇ ಅಲ್ಲವೇ ಜನ ಅದನ್ನು ಸವರಿ ಸವರಿ ನೋಡುವುದು? "ನಾ ಬಟ್ಟಿ ಅಲ್ಲ" ಎಂದಳು. ಕೊನೆಗೆ ನನ್ನ ತಲೆಯನ್ನೇ ಮುಂದೊಡ್ಡಿದೆ. "ನನಗ ನೋಡು, ಇರಬೇಕಾದಲ್ಲೇ ಇಲ್ಲ. ನಾ ಅಳಾಕತ್ತೀನೇನು?"

ಮಗಳು ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ನಿನಗ ಟೋಪಿ ಅದ" ಎಂದಳು.



ನನ್ನ ಹೆಂಡತಿ ಗಂಗಾ ನನಗಿಂತ ಬುದ್ಧಿವಂತೆ. ಅವಳು ಉಪದೇಶಕ್ಕೆ ಹೋಗಲಿಲ್ಲ. ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಮರುದಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಕೈ ನೋಡಿ, ಇದು ರೋಗವಲ್ಲ, ಕೆಲವರಿಗೆ ಮನೆತನದಿಂದ ಹೆಚ್ಚು ಬರುತ್ತದೆ, ಕತ್ತರಿ ಮಾತ್ರ ಮುಟ್ಟಬೇಡ, ದೊಡ್ಡವಳಾದ ಮೇಲೆ ಬೇಕೋ ಬೇಡವೋ ನೀನೇ ನಿರ್ಧಾರ ಮಾಡುವಿಯಂತೆ ಎಂದರಂತೆ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಭಾನುವಾರ ಯಾದಗಿರಿಯಿಂದ ನಮ್ಮಕ್ಕ ಬಂದಳು.

ನಮ್ಮ ಕಡೆ ಎಳೆಗೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಅನುಭವಸ್ಥ ಹೆಂಗಸೊಬ್ಬಳನ್ನು ಗೊತ್ತು ಮಾಡುತ್ತಾರೆ. ಅವಳು ಅರಿಶಿನ, ಎಣ್ಣೆ ಹಾಕಿ ಕಲಸಿದ ಹಿಟ್ಟಿನ ಉಂಡೆಯನ್ನು ಕೂಸಿನ ಮೈಮೇಲೆ ಉರುಳಿಸಿ ತಿಕ್ಕಬೇಕು. ಹಾಗೆ ತಿಕ್ಕಿದರೆ ಮೈಗೂದಲು ಉದುರಿ ಮುಂದೆ ಬರುವುದಿಲ್ಲವೆಂದು ನಂಬಿಕೆ. ಶರಣಮ್ಮನಿಗೆ ನೀರು ಹಾಕಿದವಳು ಮೌಲಮ್ಮ, ಕೆಂಭಾವಿಯವಳು. ಆಗ ಮಗಳ ಮನೆಗೆಂದು ಶಹಾಪುರಕ್ಕೆ ಬಂದು ನಮ್ಮ ಓಣಿಯಲ್ಲೇ ಇದ್ದಳು. ನಮ್ಮಕ್ಕ ಹುಡುಗಿಯ ಕೈ ತಿರುಗಿಸಿ ನೋಡಿ ತೀರ್ಪು ಕೊಟ್ಟೇಬಿಟ್ಟಳು: "ನಾ ಆಗೇ ಹೇಳಿದ್ದೆ. ಆ ಮೌಲಮ್ಮ ಮೈಗಳ್ಳಿ. ಸರಿಯಾಗಿ ತಿಕ್ಕಿಲ್ಲ."

ಇದು ಅಕ್ಕನೊಬ್ಬಳ ಮಾತಲ್ಲ. ಒಂಬತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಎಲ್ಲರೂ ಆಡಿದ ಮಾತು. ನೀರು ಹಾಕಿದವಳಿಗೆ ಮೂರು ತಿಂಗಳು ತುಂಬಿದ ಮೇಲೆ ಸೀರೆ, ಕುಪ್ಪಸ ಕೊಟ್ಟು ಕಳಿಸುವುದು ಪದ್ಧತಿ. ಕೂಸಿನ ಮೈಗೂದಲು ಇನ್ನೂ ಉದುರಿಲ್ಲವೆಂಬ ಸಿಟ್ಟಿಗೆ ನಮ್ಮವ್ವ ಸೀರೆಯಷ್ಟೇ ಕೊಟ್ಟಿದ್ದಳು. ದರ್ಜಿಯ ಮನೆಯಿಂದ ಕುಪ್ಪಸವಿಲ್ಲದೆ ಹೋದಳು ಮೌಲಮ್ಮ. ನಾನು ಅಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ.

ಶರಣಮ್ಮ ಇದನ್ನೆಲ್ಲ ಕೇಳಿಸಿಕೊಂಡು ಎದ್ದು ನಿಂತಳು. "ಆಕಿ ಎಲ್ಲಿದ್ದಾಳ? ಯಾಕ ತಿಕ್ಕಲಿಲ್ಲ ಅಂತ ನಾ ಕೇಳ್ತೀನಿ."

ಹೀಗೆ ನಾವಿಬ್ಬರೂ ಕೆಂಭಾವಿಯ ಬಸ್ ಹತ್ತಿದೆವು. ಕಾಲುವೆ ನೀರಿನ ಹಸಿರು ಗದ್ದೆಗಳನ್ನು ತೋರಿಸಿ ಮಾತಿಗೆಳೆಯಲು ನೋಡಿದೆ. ಅವಳು ಫಿರ್ಯಾದಿಯ ಗತ್ತಿನಲ್ಲಿ, ಆ ಸೆಕೆಯಲ್ಲಿ, ಪೂರ್ತಿ ತೋಳಿನ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದಳು. ಹಿಂದಕ್ಕೆ ಬರುವಾಗ ಸಿಟ್ಟಾದರೂ ಇಳಿದಿರಲಿ ಎಂದು ಬೇಡಿಕೊಂಡೆ. ನನ್ನ ಮನಸ್ಸಿನೊಳಗೂ ಮುದುಕಿಯ ಮೇಲೆ ಒಂದಿಷ್ಟು ಕೋಪವಿತ್ತೆಂದು ಒಪ್ಪಿಕೊಳ್ಳುತ್ತೇನೆ.

ಮೌಲಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಂದವಾಗಿತ್ತು. ಹೆಸರು ಹೇಳಿದೊಡನೆ ಮೊರ ಬದಿಗಿಟ್ಟು, "ಯಾರು, ನನ್ನ ಅಂಗೈ ಕೂಸಾ? ಬಾ ಇಲ್ಲಿ" ಎಂದಳು. ಶರಣಮ್ಮ ಹೋಗಲಿಲ್ಲ. ತೋಳು ಮೇಲೇರಿಸಿ ದೂರದಿಂದಲೇ ಕೈ ಚಾಚಿದಳು.

"ಸಣ್ಣಕ್ಕಿದ್ದಾಗ ನನ್ನ ಯಾಕ ತಿಕ್ಕಲಿಲ್ಲ?"

 ಮುದುಕಿ ನನ್ನ ಕಡೆ ತಿರುಗಿದಳು. "ನಿಮ್ಮವ್ವ ಇದ್ದಾಳೇನಪಾ?"

"ಇಲ್ಲಬೇ. ತೀರಿಕೊಂಡು ನಾಕು ವರ್ಷಾತು."

"ಹಂಗಾರ ಇನ್ನ ಹೇಳಬೌದು." ಹುಡುಗಿಗೆ ಹೇಳಿದಳು: "ನೀ ದಿನ ತುಂಬೂ ಮೊದಲೇ ಬಂದಿದ್ದಿ, ಯವ್ವಾ. ದವಾಖಾನಿಯಿಂದ ಮನಿಗಿ ತಂದಾಗ ನನ್ನ ಎರಡ ಅಂಗೈಯಾಗ ಹಿಡಸ್ತಿದ್ದಿ. ಹೆಗಲ ಮ್ಯಾಗ, ಬೆನ್ನ ಮ್ಯಾಗ ಸಣ್ಣ ಸಣ್ಣ ಕೂದಲ. ತೊಗಲು ಉಳ್ಳಾಗಡ್ಡಿ ಪದರ ಇದ್ದಂಗ. ಉಂಡಿ ಹಚ್ಚಿದ್ರ ಕೂದಲಲ್ಲ, ತೊಗಲೇ ಕಿತ್ತಿ ಬರ್ತಿತ್ತು. ನಿಮ್ಮಜ್ಜಿ ದಿನಾ ಉಂಡಿ ಕಲಸಿ ಕೈಯಾಗ ಕೊಡಾಕಿ. ನಾ ಬಚ್ಚಲ ಬಾಗಲ ಹಾಕ್ಕೊಂಡು ಕಿಡಕ್ಯಾಗಿಂದ ಕೋಳಿಗಿ ಒಗೀತಿದ್ದೆ. ತಿಕ್ಕಿದೇನ ಅಂತ ಕೇಳಿದ್ರ, ತಿಕ್ಕೀನ್ರೀ ಅಂತಿದ್ದೆ."

"ಸುಳ್ಳ ಹೇಳ್ದಿ?" ಎಂದಳು ಶರಣಮ್ಮ.

"ಮೂರು ತಿಂಗಳ ಹೇಳೀನಿ. ನಿಮ್ಮ ಹಿತ್ತಲ ಕೋಳಿ ಎಂಥ ದಪ್ಪ ಆಗಿದ್ವು ಕೇಳು ನಿಮ್ಮಪ್ಪಗ."

ಆಗಿದ್ದವು. ನನಗೆ ಚೆನ್ನಾಗಿ ನೆನಪಿದೆ. ಕೂಸು ಬಂದ ಕಾಲ್ಗುಣ ಎಂದು ನಮ್ಮವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬಟಾಣಿ ಕಾಳಿನಂಥ ಮೂಗಿನ ಆ ಕೂಸು ಬದುಕುತ್ತದೋ ಇಲ್ಲವೋ ಎಂದು ನಾವು ಬಾಗಿಲ ಹೊರಗೆ ಕೂತಿದ್ದಾಗ, ಒಳಗೆ ಈ ಹೆಂಗಸು ನಮ್ಮೆಲ್ಲರ ಬೈಗುಳವನ್ನು ಮುಂಗಡವಾಗಿ ಒಪ್ಪಿಕೊಂಡು ನನ್ನ ಮಗಳ ತೊಗಲು ಉಳಿಸುತ್ತಿದ್ದಳು.  ಶರಣಮ್ಮ ನನ್ನ ಮುಂಗೈ ನೋಡಿ, "ಅಪ್ಪಾ, ನಿನ್ನ ಕೈಯಾಗಿನ ಕೂದಲ ಎದ್ದು ನಿಂತಾವ!" ಎಂದಳು. ಅವಳ ಸಿಟ್ಟಿನ ಗತ್ತು ಅಷ್ಟರಲ್ಲಿ ಎಲ್ಲೋ ಸೋರಿಹೋಗಿತ್ತು.

"ಆ ಕೂದಲಾನೇ ಈ ಕೂದಲಾ?" ಎಂದು ಮೌಲಮ್ಮನ ಹತ್ತಿರ ಸರಿದು ಕೇಳಿದಳು.

"ಅದು ತಾನೇ ಉದುರಿ ಹೋತು. ಥಂಡಿಗಿ ಹೊದ್ದ ಬಂದಿದ್ದಿ, ಕೆಲಸ ಮುಗೀತು. ಇದು ನಿಮ್ಮಪ್ಪಂದು. ತನ್ನ ತಲಿಮ್ಯಾಗಿಂದು ತಗದು ನಿನ್ನ ಕೈಗಿ ಕೊಟ್ಟಾನ, ಪಾಪ."

ನಾನು ಅದೇ ತಲೆಯನ್ನು ಮುಂದೊಡ್ಡಿದಾಗ ನಗದಿದ್ದ ಹುಡುಗಿ ಈಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೌಲಮ್ಮ ತನ್ನ ಕೈಯನ್ನೂ ಪಕ್ಕಕ್ಕೆ ಚಾಚಿದಳು. ಬಳೆಗಳ ಹಿಂದೆ ಬೆಳ್ಳಗಿನ ಕೂದಲು ಇತ್ತು. "ಎಷ್ಟ ಕೂಸಿಗಿ ನೀರು ಹಾಕೀನೋ ಲೆಕ್ಕ ಇಲ್ಲ. ಒಂದ್ ಕೂಸರ ಈ ಕೈ ನೋಡಿ ಅಂಜಿಲ್ಲ." ಎರಡು ಕೈಗಳು ಸ್ವಲ್ಪ ಹೊತ್ತು ಒಂದರ ಪಕ್ಕ ಒಂದು ಇದ್ದವು.

ನನ್ನ ಜೇಬಿನಲ್ಲಿ ಅಳತೆ ಟೇಪು ಯಾವಾಗಲೂ ಇರುತ್ತದೆ. ತೆಗೆದೆ. "ಬೇ, ನಿನ್ನ ಕುಬಸ ನಮ್ಮ ಮನ್ಯಾಗ ಉಳದದ. ಅಳತಿ ಕೊಡು" ಎಂದೆ. ಮುದುಕಿ ಬೇಡವೆನ್ನಲಿಲ್ಲ, ಅವಳಿಗೂ ಅದು ನೆನಪಿತ್ತು. ಟೇಪಿನ ತುದಿಯನ್ನು ಶರಣಮ್ಮ ಹಿಡಿದಳು. ತೋಳು ಎಷ್ಟಿಡಲಿ ಎಂದು ಮೌಲಮ್ಮನನ್ನು ಕೇಳಿದೆ. "ಮೊಣಕೈ ಮ್ಯಾಗ ಇಡಪಾ. ಕೈ ಆಡಬೇಕಲ್ಲ" ಎಂದಳು.

ಊರಿಗೆ ಬಂದ ಮೇಲೆ ಒಂದು ಕೆಲಸ ಮಾಡಿದೆ. ಕತ್ತರಿಸುವ ಕಾಗದ ಹಾರದಂತೆ ನಾನೊಂದು ಹಳೆಯ ನಿಘಂಟನ್ನು ಭಾರಕ್ಕೆ ಇಡುತ್ತೇನೆ. ಮೊದಲ ಸಲ ಅದನ್ನು ಓದಲು ತೆರೆದೆ. ಕೂದಲು ಏಳುವುದಕ್ಕೆ ನಮ್ಮ ಭಾಷೆಯಲ್ಲಿ ನವಿರೇಳುವುದು ಎನ್ನುತ್ತಾರಲ್ಲ, ಆ ನವಿರು ಎಂದರೆ ಮೈಗೂದಲು. ನಯವಾದದ್ದು, ಸೂಕ್ಷ್ಮವಾದದ್ದು ಎಂದೂ ಅರ್ಥ. ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ 'ನವಿರಾದ ಬಟ್ಟೆ' ಎಂದು ಹೊಗಳುವ ನಾನು ಎರಡನ್ನೂ ಒಂದೇ ಪದದಲ್ಲಿ ಇಟ್ಟವರಿಗೆ ಮನಸ್ಸಿನಲ್ಲೇ ಕೈಮುಗಿದೆ. ಮಗಳಿಗೆ ಹೇಳಿದೆ. "ಹೌದಾ" ಎಂದಳು, ಅಷ್ಟೇ. ನಿಘಂಟು ಮತ್ತೆ ಕಾಗದದ ಮೇಲೆ ಹೋಗಿ ಕೂತಿತು.

ಮೌಲಮ್ಮನ ಕುಪ್ಪಸ ಮೊದಲು ಹೊಲಿದೆ. ಅದನ್ನು ಮಡಿಚಿಡುವಾಗ ಶರಣಮ್ಮ ಅಂಗಡಿಗೆ ಬಂದು, ಹನ್ನೆರಡನೆಯ ಆಟದ ಅಂಗಿಯ ಬಟ್ಟೆ ಎತ್ತಿಕೊಂಡಳು.

"ನಂದೂ ಮೊಣಕೈ ತನಕ ಇಡು. ಸಾಲಿ ಅಂಗಿದು ಆಮ್ಯಾಲ ನೋಡೂಣ."

"ಆತು."

"ನೀ ಮೊದಲ ಟೋಪಿ ತಗಿ."

ಈ ಹುಡುಗಿ ವ್ಯವಹಾರದಲ್ಲಿ ಯಾರನ್ನು ಹೋತಿದ್ದಾಳೋ ಗೊತ್ತಿಲ್ಲ. ಟೋಪಿ ತೆಗೆದು ಗೂಟಕ್ಕೆ ಹಾಕಿದೆ. ಇಪ್ಪತ್ತು ವರ್ಷದಿಂದ ಅಂಗಡಿಯಲ್ಲಿ ತಿರುಗುತ್ತಿದ್ದ ಫ್ಯಾನಿನ ಗಾಳಿ ಮೊದಲ ಸಲ ನನ್ನ ತಲೆಗೆ ತಾಗಿತು. ಇಷ್ಟು ತಂಪಾಗಿರುತ್ತದೆಂದು ಗೊತ್ತಿರಲಿಲ್ಲ. ಮಿಷಿನ್ ತುಳಿದು ತೋಳಿನ ಅಂಚು ಮುಗಿಸಿ ಅಂಗಿಯನ್ನು ಅವಳ ಕಡೆ ಚಾಚಿದೆ. ಮೇಜಿನ ಮೇಲಿದ್ದ ಆ ಸಣ್ಣ ಕತ್ತರಿಯನ್ನು ಅವಳೇ ಎತ್ತಿಕೊಂಡಳು. ನಾನು ಕೂತಲ್ಲಿಂದ ಅರ್ಧ ಎದ್ದೆ.

ಅವಳು ದಾರ ಕತ್ತರಿಸಿದಳು, ಕತ್ತರಿಯನ್ನು ಅದರ ಜಾಗದಲ್ಲಿಟ್ಟಳು, ಅಂಗಿ ತೊಟ್ಟು ಓಡಿದಳು.